ಲಕ್ಷ್ಮಮ್ಮನ ಹಾಲಿನ ಚೀಟಿ ಮತ್ತು “ನಡೀತಿದೆಯಲ್ಲ, ಬಿಡಿ” ಎಂಬ ಮಹಾಮಂತ್ರ

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳಾಯಿತು. ಆಫೀಸಿನ ವಿಷಯ ಇಲ್ಲಿ ಬರೆಯಬಾರದು ಅಂತ ಬ್ಲಾಗ್ ಶುರು ಮಾಡಿದ ದಿನವೇ ಶಪಥ ಮಾಡಿದ್ದೆ. ಇವತ್ತು ಮುರೀತಿದ್ದೀನಿ. ಇಲ್ಲಿಗೆ ಬರುವ ನಿಮ್ಮಲ್ಲಿ ಅರ್ಧ ಜನ ಸಾಫ್ಟ್‌ವೇರಿನವರು, ಇನ್ನರ್ಧ ಜನ ಸಾಫ್ಟ್‌ವೇರಿನವರನ್ನು ಕಂಡರೆ ಮೂಗು ಮುರಿಯುವವರು. ಈ ಬರಹ ಇಬ್ಬರಿಗೂ ಸೇರಿದ್ದು. ಮೊದಲನೆಯವರಿಗೆ ಸಿಟ್ಟು ಬರಬಹುದು, ಬರಲಿ. ಎರಡನೆಯವರಿಗೆ ಇಷ್ಟು ದಿನದ ಅನುಮಾನ ನಿಜವಾಯಿತು ಅನ್ನಿಸಬಹುದು :)

ನನ್ನ ಸಿಟ್ಟಿಗೆ ಕಾರಣ ಒಂದು ಹಾಲಿನ ಚೀಟಿ.

ಹಳ್ಳಿ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಜನ ಸಾಲಾಗಿ ನಿಲ್ಲುತ್ತಾರಲ್ಲ, ಹಾಲು ಅಳೆದು, ಫ್ಯಾಟ್ ನೋಡಿ, ಲೀಟರ್ ಎಷ್ಟು ದುಡ್ಡೆಷ್ಟು ಅಂತ ಬೆರಳಗಲದ ಚೀಟಿ ಹರಿದು ಕೊಡುತ್ತಾರಲ್ಲ, ಆ ಚೀಟಿ ಮುದ್ರಿಸುವ ಯಂತ್ರದ ಒಳಗಿನ ಪ್ರೋಗ್ರಾಮು ಬರೆಯುವುದು ನನ್ನ ಹೊಟ್ಟೆಪಾಡು. ಸಿ ಭಾಷೆಯಲ್ಲಿ. ಹಳೇ ಯಂತ್ರ ಹತ್ತು ವರ್ಷ ಚೆನ್ನಾಗಿಯೇ ದುಡಿಯಿತು. ಈಚೆಗೆ ಹೊಸ ಯಂತ್ರ ಬಂತು. ಒಳಗೆ ಅದೇ ಪ್ರೋಗ್ರಾಮು, ಹೊರಗೆ ಹೊಸ ಡಬ್ಬ.

ಹದಿನೈದು ದಿನಕ್ಕೆ ಒಂದು ಡೇರಿಯ ಸೆಕ್ರೆಟರಿ ಫೋನ್ ಮಾಡಿದರು. “ಸಾರ್, ನಿಮ್ಮ ಹೊಸ ಮಿಷನ್ನು ಹೆಂಗಸರ ಹೆಸರು ತಿಂತದೆ.”

ನಾನು ನಕ್ಕೆ. ಯಂತ್ರಕ್ಕೇನು ಗೊತ್ತು ಸ್ವಾಮಿ ಹೆಂಗಸು ಗಂಡಸು? ಅವರು ನಗಲಿಲ್ಲ. ವಾಟ್ಸಾಪಿನಲ್ಲಿ ನಾಲ್ಕು ಚೀಟಿಯ ಫೋಟೋ ಕಳಿಸಿದರು. ಶಿವಣ್ಣ ನೆಟ್ಟಗಿದ್ದ. ಬಸವರಾಜು ನೆಟ್ಟಗಿದ್ದ. ರತ್ನಮ್ಮ ಇರಬೇಕಾದ ಕಡೆ “ರತ್ನ” ಆದಮೇಲೆ ಖಾಲಿ ಡಬ್ಬಿಗಳು. ಲಕ್ಷ್ಮಮ್ಮನ ಹೆಸರಲ್ಲಂತೂ ಮೊದಲ “ಲ” ಒಂದು ಬಿಟ್ಟು ಉಳಿದದ್ದೆಲ್ಲ ಡಬ್ಬಿ, ತುಂಡು, ಡಬ್ಬಿ. ಆಯಮ್ಮ ಡೇರಿಯ ಮುಂದೆ ಕೂತುಬಿಟ್ಟಿದ್ದರಂತೆ. “ಹೆಸರಿಲ್ಲದ ಚೀಟಿ ಇಟ್ಕೊಂಡು ನಾನೇನು ಮಾಡ್ಲಿ? ಹಾಲು ನಂದು, ದುಡ್ಡು ಯಾರಿಗೆ?”

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ದುಡ್ಡು ಅವರ ಖಾತೆಗೇ ಹೋಗಿತ್ತು, ಆದರೆ ಅದನ್ನು ಅವರು ಯಾಕೆ ನಂಬಬೇಕು? ಅವರ ಕೈಯಲ್ಲಿದ್ದ ಒಂದೇ ದಾಖಲೆ ಆ ಚೀಟಿ.

ಮಾರನೇ ದಿನ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರು ಮೂರು ಸಾಲಲ್ಲಿ ಮುಗಿಸಿದರು. “ಎಡ್ಜ್ ಕೇಸ್. ಲೋ ಪ್ರಯಾರಿಟಿ. ಸದ್ಯಕ್ಕೆ ಹೆಸರು ಇಂಗ್ಲಿಷಲ್ಲಿ ಪ್ರಿಂಟ್ ಮಾಡ್ಸಿ.”

ಇಷ್ಟು ದೊಡ್ಡ ಬರಹ ಬರೆಯಲು ಕೂತಿದ್ದು ಆ ಎರಡು ಪದಕ್ಕೆ. ಎಡ್ಜ್ ಕೇಸ್. ಅಂದರೆ ಅಂಚಿನ ಪ್ರಸಂಗ. ಎಲ್ಲೋ ಮೂಲೆಯಲ್ಲಿ, ಯಾರಿಗೋ, ಯಾವಾಗಲೋ ಒಮ್ಮೆ ಆಗುವಂಥದ್ದು. ಕನ್ನಡನಾಡಿನ ಹಾಲಿನ ಡೇರಿಯಲ್ಲಿ “ಅಮ್ಮ” ಅಂತ ಮುಗಿಯುವ ಹೆಸರು ಅಂಚಿನ ಪ್ರಸಂಗವಂತೆ!

*

ಸರಿ, ಆಗಿದ್ದೇನು? ಸಾಫ್ಟ್‌ವೇರಿನವರಲ್ಲದವರೂ ಸ್ವಲ್ಪ ತಾಳ್ಮೆಯಿಂದ ಓದಿ, ಕಷ್ಟವೇನಿಲ್ಲ.

ಹೆಸರು ಉದ್ದವಾದರೆ ಚೀಟಿಯಲ್ಲಿ ಎರಡನೇ ಸಾಲಿಗೆ ಮುರಿಯಬೇಕು. ಮುರಿಯುವುದು ಖಾಲಿ ಜಾಗ ಇರುವಲ್ಲಿ. ಅದಕ್ಕೆ ಪ್ರೋಗ್ರಾಮು ಹೆಸರನ್ನು ಬೈಟು ಬೈಟಾಗಿ ನೋಡುತ್ತಾ “ಇದು ಖಾಲಿ ಜಾಗವೇ?” ಎಂದು ಕೇಳುತ್ತದೆ. ಉತ್ತರ ಕೊಡಲು ಸಿ ಭಾಷೆಯಲ್ಲಿ ಈಸ್‌ಸ್ಪೇಸ್ ಎಂಬ ಸಿದ್ಧ ಫಂಕ್ಷನ್ ಇದೆ. ಅದರೊಳಗೆ ಸಾಮಾನ್ಯವಾಗಿ ಇರುವುದು ಒಂದು ಪಟ್ಟಿ. 0ಯಿಂದ 255ರವರೆಗೆ ಪ್ರತಿ ಸಂಖ್ಯೆಗೂ ಒಂದೊಂದು ಮನೆ, ಪ್ರತಿ ಮನೆಯಲ್ಲೂ “ಇದು ಅಕ್ಷರ, ಇದು ಅಂಕಿ, ಇದು ಖಾಲಿ” ಎಂಬ ಗುರುತು.

ನಮ್ಮ ಕನ್ನಡದ “ಮ” ಯುಟಿಎಫ್-8ರಲ್ಲಿ ಮೂರು ಬೈಟು: 224, 178, 174. ಇಂಗ್ಲಿಷ್ ಅಕ್ಷರಗಳೆಲ್ಲ 128ರ ಒಳಗೇ ಮುಗಿಯುತ್ತವೆ. ಇಲ್ಲೊಂದು ತಮಾಷೆಯಿದೆ. ಸಿ ಭಾಷೆಯಲ್ಲಿ ಚಾರ್ ಎಂಬ ಒಂದು ಬೈಟಿನ ಪೆಟ್ಟಿಗೆಯಲ್ಲಿ ಋಣ ಸಂಖ್ಯೆ ಇರಬಹುದೋ ಇಲ್ಲವೋ ಎಂಬುದನ್ನು ಭಾಷೆ ತೀರ್ಮಾನಿಸಿಲ್ಲ, ಕಂಪೈಲರ್ ಮಾಡುವವರಿಗೆ ಬಿಟ್ಟಿದೆ. ಇಂಟೆಲ್ ಮಾದರಿಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರಬಹುದು. ಆರ್ಮ್ ಪ್ರೊಸೆಸರಿನ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಹಳೇ ಯಂತ್ರದ್ದು ಆರ್ಮ್. ಅಲ್ಲಿ 174 ಎಂದರೆ 174. ಹೊಸ ಯಂತ್ರದ್ದೂ ಆರ್ಮೇ, ಆದರೆ ಬೇರೆ ಯಾವುದೋ ಭಾಗಕ್ಕೆ ಬೇಕು ಅಂತ ಯಾರೋ ಪುಣ್ಯಾತ್ಮರು “ಚಾರ್‌ನಲ್ಲಿ ಋಣ ಸಂಖ್ಯೆ ಇರಲಿ” ಎಂಬ ಆಯ್ಕೆಯನ್ನು ಬಿಲ್ಡ್ ಫೈಲಿಗೆ ಸೇರಿಸಿದ್ದರು. ಆ ಕ್ಷಣಕ್ಕೆ 174 ಹೋಗಿ ಋಣ 82 ಆಯಿತು.

ಪಟ್ಟಿಯಲ್ಲಿ ಋಣ 82ನೇ ಮನೆ ಇಲ್ಲವಲ್ಲ! ಇಲ್ಲದಿದ್ದರೇನಾಯಿತು, ಸಿ ಭಾಷೆ ಕೇಳುವುದಿಲ್ಲ. ಪಟ್ಟಿ ಶುರುವಾಗುವ ಜಾಗದಿಂದ 82 ಹೆಜ್ಜೆ ಹಿಂದೆ ಹೋಗಿ ಅಲ್ಲಿ ಏನು ಬಿದ್ದಿದೆಯೋ ಅದನ್ನೇ ಓದಿತು. ಅದು ಯಾರ ಮನೆಯೋ, ಏನಿಟ್ಟಿದ್ದರೋ. ಅಲ್ಲಿದ್ದ ಕಸ “ಇದು ಖಾಲಿ ಜಾಗ” ಎಂಬಂತೆ ಕಂಡಿತು. “ಮ”ದ ಮೂರನೇ ಬೈಟು ಖಾಲಿ ಜಾಗವೆಂದು ಎಸೆಯಲ್ಪಟ್ಟು, ಉಳಿದ ಎರಡು ಬೈಟು ಅನಾಥವಾಗಿ ಡಬ್ಬಿಯಾದವು. ಲಕ್ಷ್ಮಮ್ಮನ ಹೆಸರಲ್ಲಿ “ಮ” ಮೂರು ಸಲ ಬರುತ್ತದೆ, ಎಣಿಸಿ ನೋಡಿ.

ಇನ್ನೂ ಚೆಂದದ ವಿಷಯ ಕೇಳಿ. ಎಲ್ಲಿ ತಪ್ಪುತ್ತಿದೆ ನೋಡೋಣ ಅಂತ ಒಂದು ಲಾಗ್ ಸಾಲು ಸೇರಿಸಿದೆ. ಲಕ್ಷ್ಮಮ್ಮ ನೆಟ್ಟಗಾದಳು! ಗಂಗಮ್ಮ ಕೆಟ್ಟಳು. ಲಾಗ್ ಸಾಲು ಸೇರಿದ್ದರಿಂದ ಮೆಮೊರಿಯಲ್ಲಿ ಎಲ್ಲವೂ ಸ್ವಲ್ಪ ಸರಿದು, ಪಟ್ಟಿಯ ಹಿಂದಿನ ಕಸ ಬದಲಾಗಿ, ಈಗ “ಗ”ಕ್ಕೆ ಶನಿ ಹಿಡಿದಿತ್ತು. ಲಾಗ್ ತೆಗೆದೆ, ಮತ್ತೆ ಲಕ್ಷ್ಮಮ್ಮ. ಎರಡು ರಾತ್ರಿ ಹೀಗೇ ಹೋಯಿತು.

ಮೂರನೇ ದಿನ ಆ ಸಾಲು ಬರೆದವರು ಯಾರು ಅಂತ ಹಳೇ ದಾಖಲೆ ತೆಗೆದು ನೋಡಿದೆ. ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಬರೆದವನು ನಾನೇ.

*

ಸಿ ಭಾಷೆಯ ನಿಯಮಗಳ ಪುಸ್ತಕದಲ್ಲಿ ಇದಕ್ಕೊಂದು ಹೆಸರಿದೆ, ಅನ್‌ಡಿಫೈನ್ಡ್ ಬಿಹೇವಿಯರ್. ಕನ್ನಡದಲ್ಲಿ “ಕರಾರಿಲ್ಲದ ವರ್ತನೆ” ಅನ್ನೋಣ. ಈಸ್‌ಸ್ಪೇಸ್‌ಗೆ ಕೊಡುವ ಸಂಖ್ಯೆ ಋಣವಲ್ಲದ ಒಂದು ಬೈಟಿನೊಳಗಿರಬೇಕು, ಇಲ್ಲವೇ ಫೈಲು ಮುಗಿಯಿತು ಎಂದು ಹೇಳುವ ಆ ಒಂದು ವಿಶೇಷ ಸಂಖ್ಯೆಯಾಗಿರಬೇಕು, ಬೇರೆ ಏನು ಕೊಟ್ಟರೂ ಆಗುವುದಕ್ಕೆ ನಾವು ಹೊಣೆಯಲ್ಲ ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ತಪ್ಪು ಉತ್ತರ ಬರುತ್ತದೆ ಎಂದಲ್ಲ, ಪ್ರೋಗ್ರಾಮು ನಿಲ್ಲುತ್ತದೆ ಎಂದೂ ಅಲ್ಲ. ಏನು ಬೇಕಾದರೂ ಆಗಬಹುದು, ಸರಿಯಾದ ಉತ್ತರವೂ ಬರಬಹುದು. ಈ ಕೊನೆಯದೇ ಎಲ್ಲಕ್ಕಿಂತ ಅಪಾಯ. ಲಿನಕ್ಸ್ ಡೆಸ್ಕ್‌ಟಾಪಿನ ಜಿಲಿಬ್‌ಸಿ ಲೈಬ್ರರಿಯವರು ಇಂಥ ತಪ್ಪು ಮಾಡುವವರ ಮೇಲೆ ಕನಿಕರಪಟ್ಟು ಪಟ್ಟಿಯನ್ನು ಋಣ 128ರಿಂದಲೇ ಶುರು ಮಾಡಿಟ್ಟಿದ್ದಾರೆ. ಹಾಗಾಗಿ ನನ್ನ ಮೇಜಿನ ಮೇಲೆ ಎಲ್ಲ ಸರಿ. ಡೇರಿಯ ಮೇಜಿನ ಮೇಲೆ ಡಬ್ಬಿ.

ಇಂಥ ಪ್ರಸಂಗಗಳು ಒಂದೆರಡಲ್ಲ, ನಿಯಮದ ಪುಸ್ತಕದ ಅನುಬಂಧವೊಂದರಲ್ಲಿರುವ ಪಟ್ಟಿ ಸುಮಾರು 200 ಮುಟ್ಟುತ್ತದೆ.

ಯಾಕೆ ಹೀಗೆ ಬಿಟ್ಟರು? ನ್ಯಾಯವಾಗಿ ಹೇಳಬೇಕೆಂದರೆ ಶುರುವಿನಲ್ಲಿ ಕಾರಣವಿತ್ತು. 1989ರಲ್ಲಿ ಮೊದಲ ಅಧಿಕೃತ ನಿಯಮಾವಳಿ ಬಂದಾಗ ಒಂದೊಂದು ಕಂಪ್ಯೂಟರ್ ಒಂದೊಂದು ಥರ. ಋಣ ಸಂಖ್ಯೆ ಬರೆಯುವ ಕ್ರಮವೇ ಬೇರೆ ಬೇರೆ. ಇವತ್ತಿಗೂ ನೋಡಿ, 1 ಎಂಬುದನ್ನು ಎಡಕ್ಕೆ 32 ಸ್ಥಾನ ಸರಿಸು ಎಂದರೆ 32 ಬಿಟ್‌ನ ಲೆಕ್ಕದಲ್ಲಿ ಇಂಟೆಲ್ ಪ್ರೊಸೆಸರ್ 1 ಎನ್ನುತ್ತದೆ, 32 ಬಿಟ್‌ನ ಆರ್ಮ್ 0 ಎನ್ನುತ್ತದೆ. 32 ಬಿಟ್‌ನಲ್ಲಿ ಹಿಡಿಯುವ ಅತಿ ಚಿಕ್ಕ ಋಣ ಸಂಖ್ಯೆಯನ್ನು ಋಣ 1ರಿಂದ ಭಾಗಿಸಿದರೆ ಇಂಟೆಲ್ಲಿನಲ್ಲಿ ಪ್ರೋಗ್ರಾಮು ಸತ್ತೇ ಹೋಗುತ್ತದೆ, ಆರ್ಮ್ ಮಾತ್ರ ಏನೂ ಆಗದವರಂತೆ ಅದೇ ಋಣ ಸಂಖ್ಯೆಯನ್ನು ತಿರುಗಿಸಿ ಕೊಡುತ್ತದೆ. ಎಲ್ಲರಿಗೂ ಒಂದೇ ನಿಯಮ ಹೇರಿದರೆ ಯಾರಾದರೊಬ್ಬರಿಗೆ ಭಾರ. ಅದಕ್ಕೇ ಸಮಿತಿಯವರು ಕೈತೊಳೆದುಕೊಂಡರು. ತಪ್ಪೆನ್ನಲಾರೆ.

ಆದರೆ ಆಮೇಲೆ ನಡೆದದ್ದು ಬೇರೆ. ಕಂಪೈಲರ್ ಬರೆಯುವವರು ಈ ಮೌನವನ್ನು ತಿರುಗಿಸಿ ಓದಿದರು. “ಹೀಗೆ ಮಾಡಿದರೆ ನಾವು ಹೊಣೆಯಲ್ಲ” ಎಂದು ಪುಸ್ತಕ ಹೇಳಿದ್ದನ್ನು “ಪ್ರೋಗ್ರಾಮರ್ ಹೀಗೆ ಮಾಡುವುದೇ ಇಲ್ಲ” ಎಂದು ಅರ್ಥ ಮಾಡಿಕೊಂಡು, ಆ ನಂಬಿಕೆಯ ಮೇಲೆ ನಮ್ಮ ಪ್ರೋಗ್ರಾಮನ್ನು ಕತ್ತರಿಸತೊಡಗಿದರು. 2007ರಲ್ಲಿ ಜಿಸಿಸಿ ಕಂಪೈಲರಿನ ದೂರು ಪಟ್ಟಿಯಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಯಿತು. ಒಂದು ಸಂಖ್ಯೆಗೆ 100 ಕೂಡಿಸಿದರೆ ಅದು ಮೊದಲಿಗಿಂತ ದೊಡ್ಡದಾಗಿಯೇ ಇದೆಯೇ ಎಂದು ನೋಡುವ ಕಾವಲು ಸಾಲೊಂದನ್ನು ಒಬ್ಬರು ಬರೆದಿದ್ದರು. ತುಂಬಿ ಉಕ್ಕಿದರೆ ಹಿಡಿಯಲು. ಕಂಪೈಲರ್ ಆ ಕಾವಲನ್ನೇ ತೆಗೆದುಹಾಕಿತು. ಇಂಟ್ ಉಕ್ಕುವುದು ಕರಾರಿಲ್ಲದ ವರ್ತನೆ, ಆದ್ದರಿಂದ ಉಕ್ಕುವುದೇ ಇಲ್ಲ, ಆದ್ದರಿಂದ ಕಾವಲು ದಂಡ ಎಂಬ ತರ್ಕ. ಕಳ್ಳತನ ಕಾನೂನುಬಾಹಿರ, ಆದ್ದರಿಂದ ಕಳ್ಳರೇ ಇಲ್ಲ, ಆದ್ದರಿಂದ ಬೀಗ ಕಿತ್ತುಹಾಕಿದ್ದೇವೆ ಎಂದ ಹಾಗೆ.

2009ರಲ್ಲಿ ಈ ತರ್ಕ ಲಿನಕ್ಸ್ ಕರ್ನಲ್ಲಿನ ಬುಡಕ್ಕೇ ಬಂತು. 2.6.30 ಆವೃತ್ತಿಯ ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಒಂದು ಪಾಯಿಂಟರ್ ಬಳಸಿ ಮಾಹಿತಿ ಓದುವ ಸಾಲು ಮೊದಲು, ಆ ಪಾಯಿಂಟರ್ ಖಾಲಿಯೇ ಎಂದು ನೋಡುವ ಸಾಲು ಆಮೇಲೆ ಇತ್ತು. ಮೇಲೆ ಕೆಳಗಾದ ಸಣ್ಣ ಪ್ರಮಾದ. ಕಂಪೈಲರ್ ಏನೆಂದುಕೊಂಡಿತು? “ಆಗಲೇ ಬಳಸಿಬಿಟ್ಟಿದ್ದಾರೆ, ಅಂದಮೇಲೆ ಅದು ಖಾಲಿ ಇರಲಾರದು.” ಎರಡನೇ ಸಾಲನ್ನು ಅಳಿಸಿತು. ಮೂಲದಲ್ಲಿ ಕಣ್ಣಿಗೆ ಕಾಣುವ ಕಾವಲು, ಓಡುವ ಪ್ರೋಗ್ರಾಮಿನಲ್ಲಿ ಇಲ್ಲ! ಅದೇ ಸಂದಿಯಲ್ಲಿ ನುಗ್ಗಿ ಇಡೀ ಯಂತ್ರವನ್ನು ವಶಕ್ಕೆ ತೆಗೆದುಕೊಳ್ಳಬಹುದೆಂದು ಆ ವರ್ಷದ ಜುಲೈನಲ್ಲಿ ತೋರಿಸಿಯೂ ಆಯಿತು. ಅಂದಿನಿಂದ ಕರ್ನಲ್ಲನ್ನು “ಖಾಲಿ ಪಾಯಿಂಟರಿನ ಪರೀಕ್ಷೆಗಳನ್ನು ಅಳಿಸಬೇಡ” ಎಂಬ ಆಯ್ಕೆ ಕೊಟ್ಟೇ ಕಂಪೈಲ್ ಮಾಡುತ್ತಾರೆ.

*

ಈಗ ನನ್ನ ಜಗಳ. ಇಷ್ಟೆಲ್ಲ ಹೇಳಿದಾಗ ಎದುರಿಗೆ ಬರುವ ಮಾತುಗಳು ನಾಲ್ಕೇ. ಒಂದೊಂದನ್ನೇ ನೋಡೋಣ.

ಒಂದು: “ಹತ್ತು ವರ್ಷದಿಂದ ನಡೀತಿದೆಯಲ್ಲ, ಬಿಡಿ.”

ಇದು ನಮ್ಮ ಉದ್ಯಮದ ಮಹಾಮಂತ್ರ. ನಡೀತಿದೆ ಎಂಬುದಕ್ಕೆ ಎರಡು ಅರ್ಥ. ಸರಿಯಾಗಿರುವುದರಿಂದ ನಡೆಯುವುದು ಒಂದು, ಯಾರೂ ಇನ್ನೂ ಅಲುಗಾಡಿಸದಿರುವುದರಿಂದ ನಡೆಯುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. 2010ರ ಕೊನೆಯಲ್ಲಿ ಫೆಡೋರಾ 14 ಬಂದಾಗ ಬ್ರೌಸರಿನಲ್ಲಿ ಹಾಡು ಕೇಳುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಸದ್ದು ಕರ್ಕಶವಾಗತೊಡಗಿತು. ಕಾರಣ ಅಡೋಬಿಯ ಫ್ಲ್ಯಾಶ್ ಪ್ಲೇಯರ್ ಮೆಮ್‌ಕಾಪಿ ಎಂಬ ಫಂಕ್ಷನನ್ನು, ಒಂದರ ಮೇಲೊಂದು ಬರುವ ಜಾಗಗಳ ನಡುವೆ ನಕಲು ಮಾಡಲು ಬಳಸುತ್ತಿತ್ತು. ನಿಯಮದ ಪ್ರಕಾರ ಅದು ಕರಾರಿಲ್ಲದ ವರ್ತನೆ, ಅಂಥದ್ದಕ್ಕೆ ಮೆಮ್‌ಮೂವ್ ಎಂಬ ಬೇರೆ ಫಂಕ್ಷನ್ ಇದೆ. ಅಲ್ಲಿಯವರೆಗೆ ಮೆಮ್‌ಕಾಪಿ ಮುಂದಿನಿಂದ ಹಿಂದಕ್ಕೆ ನಕಲು ಮಾಡುತ್ತಿದ್ದರಿಂದ ಬಚಾವ್. ಹೊಸ ಜಿಲಿಬ್‌ಸಿ ವೇಗಕ್ಕಾಗಿ ಕೆಲವು ಪ್ರೊಸೆಸರುಗಳಲ್ಲಿ ಹಿಂದಿನಿಂದ ಮುಂದಕ್ಕೆ ಶುರು ಮಾಡಿತು, ಮುಗಿಯಿತು ಕಥೆ. ನಡೀತಿದ್ದದ್ದು ಬರೀ ಅದೃಷ್ಟ.

ಎರಡು: “ಸ್ಟ್ಯಾಂಡರ್ಡ್ ಪ್ರಕಾರ ತಪ್ಪು ನಿಮ್ಮದೇ.”

ಇದು ಕಂಪೈಲರ್, ಲೈಬ್ರರಿ ಪಂಡಿತರ ಮಾತು. ಮೇಲಿನ ಫ್ಲ್ಯಾಶ್ ಜಗಳದಲ್ಲೂ ಇದೇ ಬಂತು. ನಿಯಮ ಮುರಿದದ್ದು ಫ್ಲ್ಯಾಶ್, ನಾವೇಕೆ ಬದಲಾಗಬೇಕು ಎಂದರು. ಲಿನಸ್ ಟೋರ್ವಾಲ್ಡ್ಸ್ ಆ ದೂರಿನ ಪುಟದಲ್ಲೇ ಬಂದು ತಕರಾರು ತೆಗೆದರು. ಬಳಸುವವನಿಗೆ ನಿಯಮದ ಪುಸ್ತಕ ಬೇಕಿಲ್ಲ, ಹಾಡು ಬೇಕು ಎಂಬುದು ಅವರ ವಾದದ ಸಾರ. ಕೊನೆಗೆ ಜಿಲಿಬ್‌ಸಿ 2.14ರಲ್ಲಿ ಹಳೆಯ ಪ್ರೋಗ್ರಾಮುಗಳಿಗೆ ಹಳೆಯ ನಡತೆಯನ್ನೇ ಉಳಿಸಿಕೊಡುವ ಏರ್ಪಾಡಾಯಿತು. ಫ್ಲ್ಯಾಶ್ 2020ರ ಕೊನೆಗೆ ಕಣ್ಣುಮುಚ್ಚಿತು, ಪಾಠ ಉಳಿದಿದೆ. ಪಂಡಿತರು ಹೇಳಿದ್ದು ಸರಿ, ನಾನೂ ಒಪ್ಪುತ್ತೇನೆ. ನನ್ನ ಈಸ್‌ಸ್ಪೇಸ್ ಸಾಲು ತಪ್ಪೇ, ತಪ್ಪು ನನ್ನದೇ. ಆದರೆ ದಂಡ ಕಟ್ಟಿದ್ದು ನಾನಲ್ಲ, ಲಕ್ಷ್ಮಮ್ಮ. ತಪ್ಪು ಮಾಡಿದವನಿಗೆ ತಟ್ಟದೆ ಮೂರನೆಯವರಿಗೆ ತಟ್ಟುವ ಶಿಕ್ಷೆಯನ್ನು ನ್ಯಾಯ ಎಂದು ಕರೆಯಬೇಡಿ. 2024ರಲ್ಲಿ ಪ್ರಕಟವಾದ ಸಿ23 ನಿಯಮಾವಳಿ, ಋಣ ಸಂಖ್ಯೆ ಬರೆಯುವ ಕ್ರಮ ಇನ್ನು ಎಲ್ಲ ಕಡೆ ಒಂದೇ ಎಂದು ಕೊನೆಗೂ ಒಪ್ಪಿಕೊಂಡಿತು. ಹಾಗಿದ್ದರೂ ಇಂಟ್ ಉಕ್ಕಿದರೆ ಏನಾಗುತ್ತದೆ ಎಂಬುದು ಮಾತ್ರ ಇವತ್ತಿಗೂ ಕರಾರಿಲ್ಲದ್ದೇ! ಹಳೇ ಯಂತ್ರಗಳ ನೆಪ ಹೋಯಿತು, ಅಭ್ಯಾಸ ಹೋಗಲಿಲ್ಲ.

ಮೂರು: “ವೇಗ ಬೇಕಲ್ಲ ಸಾರ್.”

ಬೇಕು. ಉಕ್ಕುವುದೇ ಇಲ್ಲ ಎಂದು ನಂಬಿದರೆ ಕಂಪೈಲರ್ ಕೆಲವು ಲೂಪುಗಳನ್ನು ನಿಜಕ್ಕೂ ಚುರುಕಾಗಿಸುತ್ತದೆ. ವಿಡಿಯೋ ಕೋಡೆಕ್ ಬರೆಯುವವರಿಗೆ, ಹವಾಮಾನದ ಲೆಕ್ಕ ಹಾಕುವವರಿಗೆ ಅದು ಬೇಕಾಗಬಹುದು, ಅವರ ತಂಟೆಗೆ ನಾನು ಹೋಗುವುದಿಲ್ಲ. ಆದರೆ ನಿಮಿಷಕ್ಕೆ ನಾಲ್ಕು ಚೀಟಿ ಹರಿಯುವ ಯಂತ್ರಕ್ಕೆ ಎಷ್ಟು ವೇಗ ಬೇಕು ಮಾರಾಯ್ರೆ? ಒಂದು ಕ್ಯಾನು ಹಾಲು ಸುರಿಯುವಷ್ಟರಲ್ಲಿ ನಮ್ಮ ಪ್ರೊಸೆಸರು ಸುಮ್ಮನೆ ಆಕಳಿಸುತ್ತಾ ಕೂತಿರುತ್ತದೆ.

ನಾಲ್ಕು: “ಲಕ್ಷಕ್ಕೊಂದು ಸಲ ಆಗುವುದಕ್ಕೆ ಯಾರು ತಲೆ ಕೆಡಿಸ್ಕೋತಾರೆ?”

ಬೋಯಿಂಗ್ 787 ವಿಮಾನದ ಜನರೇಟರುಗಳನ್ನು ನಿಯಂತ್ರಿಸುವ ಘಟಕಗಳಲ್ಲಿ ಒಂದು ಎಣಿಕೆ ಇತ್ತು. 248 ದಿನ ಒಂದೇ ಸಮನೆ ವಿದ್ಯುತ್ ಹರಿಯುತ್ತಿದ್ದರೆ ಎಣಿಕೆ ಉಕ್ಕುತ್ತದೆ, ನಾಲ್ಕೂ ಘಟಕಗಳನ್ನು ಒಟ್ಟಿಗೆ ಹಚ್ಚಿದ್ದರೆ ಹಾರಾಟದಲ್ಲೇ ನಾಲ್ಕೂ ಒಟ್ಟಿಗೆ ಕೈಬಿಡಬಹುದು ಎಂದು ಅಮೆರಿಕದ ವಿಮಾನಯಾನ ಇಲಾಖೆ 2015ರಲ್ಲಿ ಆದೇಶ ಹೊರಡಿಸಿತು. ಪರಿಹಾರ? ಆಗಾಗ ಆಫ್ ಮಾಡಿ ಆನ್ ಮಾಡಿ! ಸೆಕೆಂಡಿನ ನೂರನೇ ಒಂದು ಭಾಗವನ್ನು 32 ಬಿಟ್‌ನ ಇಂಟ್‌ನಲ್ಲಿ ಎಣಿಸಿದರೆ ಸರಿಯಾಗಿ 248 ದಿನ ಚಿಲ್ಲರೆಗೆ ತುಂಬುತ್ತದೆ, ಕ್ಯಾಲ್ಕುಲೇಟರಿನಲ್ಲಿ ನೀವೇ ನೋಡಿ. ವಿಮಾನವನ್ನು 248 ದಿನ ಯಾರು ಆಫ್ ಮಾಡದೆ ಇಡುತ್ತಾರೆ? ಬಹುಶಃ ಯಾರೂ ಇಲ್ಲ. ಆದರೂ ಆದೇಶ ಬಂತು, ಯಾಕೆಂದರೆ ಅಲ್ಲಿ ಕೂತವರ ಜೀವಕ್ಕೆ ಬೆಲೆ ಇದೆ. ಲಕ್ಷಕ್ಕೊಂದು ಎನ್ನುವವರು ಆ ಒಂದು ಯಾರು ಎಂದು ಮೊದಲು ಕೇಳಬೇಕು.

*

ನಾನು ಹೇಳಬೇಕಾದ ಮಾತಿಗೆ ಈಗ ಬಂದೆ.

ಅಂಚು ಎಂಬುದು ಎಲ್ಲಿ ಕೂತು ನೋಡುತ್ತೀರಿ ಎಂಬುದರ ಮೇಲಿದೆ. ಇಂಗ್ಲಿಷನ್ನೇ ಮನಸ್ಸಿನಲ್ಲಿಟ್ಟುಕೊಂಡು ಪ್ರೋಗ್ರಾಮು ಬರೆಯುವವನಿಗೆ 127ರ ಆಚೆಗಿನದೆಲ್ಲ ಅಂಚು. ಕನ್ನಡದ ಪ್ರತಿಯೊಂದು ಅಕ್ಷರ, ಪ್ರತಿಯೊಂದು ಕಾಗುಣಿತದ ಗುರುತು, ಒಂದೂ ಬಿಡದೆ, 127ರ ಆಚೆಗಿದೆ. ಅಂದರೆ ನಾವು ಕನ್ನಡದಲ್ಲಿ ಬ್ಲಾಗ್ ಬರೆಯುವವರು, ಓದುವವರು, ಕಾಮೆಂಟು ಹಾಕಿ ಜಗಳ ಆಡುವವರು, ಎಲ್ಲರೂ ಸಾರಾಸಗಟಾಗಿ ಎಡ್ಜ್ ಕೇಸುಗಳು.

ಇದು ನಿಮಗೆ ಹೊಸದೇನಲ್ಲ. ಡಬ್ಬಿಗಳ ಕಾಲ ನೆನಪಿದೆಯಲ್ಲ? ಪೋಸ್ಟ್ ಮಾಡಿದ ಕೂಡಲೇ “ನನಗೆ ಬರೀ ಡಬ್ಬಿ ಕಾಣ್ತಿದೆ” ಎಂಬ ಕಾಮೆಂಟು. ಅರ್ಕಾವತ್ತು ಒಂದು ಕಡೆ ಸರಿ, ಇನ್ನೊಂದು ಕಡೆ ಎಡವಟ್ಟು. ನಾವೇ ಫಾಂಟು ಹುಡುಕಿ, ನಾವೇ ಪರಸ್ಪರ ಹೇಳಿಕೊಟ್ಟು ದಾರಿ ಮಾಡಿಕೊಂಡೆವು. 2018ರ ಫೆಬ್ರವರಿಯಲ್ಲಿ ನೆರೆಮನೆಯ ತೆಲುಗಿಗೆ ಏನಾಯಿತು? “ಜ್ಞಾ” ಎಂಬ ಒಂದು ಅಕ್ಷರ, ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತು, ಇಷ್ಟು ಸಂದೇಶದಲ್ಲಿ ಬಂದರೆ ಐಫೋನಿನ ಆಪ್‌ಗಳು ಕುಸಿದು ಬೀಳುತ್ತಿದ್ದವು. ನಾವು “ಬ್ಲಾಗ್‌ಗಳು” ಎಂಬ ಪದವನ್ನು ಒತ್ತಕ್ಷರವಾಗದಂತೆ ಬಿಡಿಸಿ ಬರೆಯಲು ಬಳಸುತ್ತೇವಲ್ಲ, ಅದೇ ಗುರುತು. ಆಪಲ್ 11.2.6 ಆವೃತ್ತಿ ಬಿಟ್ಟು ಸರಿಪಡಿಸಿತು. ಆಗ ಪತ್ರಿಕೆಗಳು ಕೊಟ್ಟ ತಲೆಬರಹ ನೆನಪಿಸಿಕೊಳ್ಳಿ, “ಫೋನ್ ಕೆಡಿಸುವ ತೆಲುಗು ಅಕ್ಷರ” ಎಂಬ ಧಾಟಿ. ಅಕ್ಷರ ಫೋನ್ ಕೆಡಿಸಲಿಲ್ಲ ಸ್ವಾಮಿ! ಕೋಟ್ಯಂತರ ಜನರ ಅಕ್ಷರವನ್ನು ಅಂಚೆಂದು ಬಗೆದು ಯಾರೋ ಪರೀಕ್ಷಿಸದೆ ಬಿಟ್ಟರು, ಅಷ್ಟೆ.

ಅವರಿಗೆ ಬೈಯುವುದು ಸುಲಭ. ನನಗೆ ನಾಚಿಕೆಯಾಗುವುದು ಬೇರೆ ಕಾರಣಕ್ಕೆ. ಈಸ್‌ಸ್ಪೇಸ್ ಸಾಲು ಬರೆದವನು ದೂರದ ಕ್ಯಾಲಿಫೋರ್ನಿಯಾದವನಲ್ಲ. ಮನೆಮಾತು ಕನ್ನಡ, ಬ್ಲಾಗು ಕನ್ನಡ, ರಾಜ್ಯೋತ್ಸವ ಬಂದರೆ ಉದ್ದುದ್ದ ಬರೆಯುವವನು. ಅಂಥವನು ಕನ್ನಡ ಮುದ್ರಿಸುವ ಯಂತ್ರಕ್ಕೆ ಪ್ರೋಗ್ರಾಮು ಬರೆದು ಪರೀಕ್ಷೆಗೆ ಕೊಟ್ಟ ಹೆಸರುಗಳು ಯಾವುವು ಗೊತ್ತೇ? ಹಳೇ ಫೈಲು ತೆಗೆದು ನೋಡಿದೆ. “ಟೆಸ್ಟ್ ಯೂಸರ್ ಒನ್”, “ಟೆಸ್ಟ್ ಯೂಸರ್ ಟೂ”. ಇಂಗ್ಲಿಷಿನಲ್ಲಿ.

ಇನ್ನೊಂದು ಕೇಳಿ. ಇಂಥ ಪುಟ್ಟ ಯಂತ್ರಗಳಲ್ಲಿ ಬಳಸುವ ನ್ಯೂಲಿಬ್ ಎಂಬ ಸಿ ಲೈಬ್ರರಿಯವರು, ಯಾರಾದರೂ ಈಸ್‌ಸ್ಪೇಸ್‌ಗೆ ಬರೀ ಚಾರ್ ಕೊಟ್ಟರೆ ಕಂಪೈಲರ್ ಎಚ್ಚರಿಕೆ ಕೊಡಲೇಬೇಕು ಎಂಬ ಉದ್ದೇಶದಿಂದಲೇ ಅದನ್ನು ಉಪಾಯವಾಗಿ ಬರೆದಿಟ್ಟಿದ್ದಾರೆ. ಎಚ್ಚರಿಕೆ ಬರುತ್ತಿತ್ತು. ಹತ್ತು ವರ್ಷ, ಪ್ರತಿ ಸಲ ಕಂಪೈಲ್ ಮಾಡಿದಾಗಲೂ ಬರುತ್ತಿತ್ತು. ನೂರಾರು ಎಚ್ಚರಿಕೆಗಳ ಗುಂಪಿನಲ್ಲಿ ಅದೂ ಒಂದಾಗಿ ಮೇಲೆ ಸರಿದು ಹೋಗುತ್ತಿತ್ತು. ನಾವು ಕೊನೆಯ ಸಾಲು ಮಾತ್ರ ನೋಡುತ್ತಿದ್ದೆವು, ಬಿಲ್ಡ್ ಆಯಿತೋ ಇಲ್ಲವೋ ಅಂತ.

*

ಬರೀ ಬೈದು ಎದ್ದು ಹೋದರೆ ಏನು ಬಂತು? ಕೈಯಲ್ಲಿ ಆಗುವ ಕೆಲಸ ಇಷ್ಟು:

- ಬೈಟುಗಳನ್ನು ಮುಟ್ಟುವಾಗ ಅನ್‌ಸೈನ್ಡ್ ಚಾರ್ ಬಳಸಿ. ನನ್ನ ಯಂತ್ರಕ್ಕೆ ಬೇಕಾಗಿದ್ದ ಔಷಧ ಈ ಎರಡೇ ಪದ.

- ಕೂಡಿಸಿ ಆಮೇಲೆ ಉಕ್ಕಿತೇ ಎಂದು ನೋಡಬೇಡಿ, ಕಂಪೈಲರ್ ಆ ನೋಟವನ್ನೇ ಅಳಿಸಬಹುದು. ಕೂಡಿಸುವ ಮೊದಲೇ ಜಾಗ ಇದೆಯೇ ನೋಡಿ. ಸಿ23ರಲ್ಲಿ ಇದಕ್ಕೆಂದೇ ಸಿದ್ಧ ಸವಲತ್ತು ಬಂದಿದೆ, ಜಿಸಿಸಿಯಲ್ಲಿ 2015ರಿಂದಲೇ ಇದೆ.

- ಎಚ್ಚರಿಕೆಗಳನ್ನು ತಪ್ಪುಗಳೆಂದೇ ಎಣಿಸುವ ಆಯ್ಕೆ ಹಾಕಿ. ಮೊದಲ ವಾರ ನರಕ, ಆಮೇಲೆ ಅಭ್ಯಾಸವಾಗುತ್ತದೆ.

- ಪರೀಕ್ಷೆಯ ಬಿಲ್ಡ್‌ನಲ್ಲಿ ಸ್ಯಾನಿಟೈಝರ್‌ಗಳನ್ನು ಚಾಲೂ ಮಾಡಿ. ಮೆಮೊರಿಯ ಎಲ್ಲೆ ದಾಟಿದರೆ ಹಿಡಿಯುವುದೊಂದು, ಕರಾರಿಲ್ಲದ ವರ್ತನೆ ಹಿಡಿಯುವುದಿನ್ನೊಂದು. ಜಿಸಿಸಿಗೆ 2013, 2014ರಲ್ಲೇ ಬಂದಿವೆ, ಪುಕ್ಕಟೆ. ಎಲ್ಲವನ್ನೂ ಹಿಡಿಯುವುದಿಲ್ಲ, ಬಹಳಷ್ಟನ್ನು ಹಿಡಿಯುತ್ತವೆ.

- ಪರೀಕ್ಷೆಗೆ ಕೊಡುವ ಮೊದಲ ಹೆಸರು ನಿಮ್ಮ ಅಜ್ಜಿಯದಾಗಿರಲಿ, ಕನ್ನಡದಲ್ಲಿ.

“ಸಿ ಬಿಟ್ಟು ರಸ್ಟ್ ಕಲಿಯಿರಿ, ಎಲ್ಲ ಸಮಸ್ಯೆ ಹೋಯ್ತು” ಎಂದು ಕೆಲವರು ಕಾಮೆಂಟು ಹಾಕುತ್ತೀರಿ, ಗೊತ್ತು. ಒಳ್ಳೆಯ ಭಾಷೆಯೇ. ಅದರಲ್ಲಿ ಪಟ್ಟಿಯ ಹಿಂದಿನ 82ನೇ ಮನೆಗೆ ಕೈ ಹಾಕಲು ಹೋದರೆ ಪ್ರೋಗ್ರಾಮು ಅಲ್ಲೇ ನಿಲ್ಲುತ್ತದೆ, ಕಸ ಓದುವುದಿಲ್ಲ. 2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1ರಿಂದ ಕರ್ನಲ್ಲಿನೊಳಗೂ ಕಾಲಿಟ್ಟಿದೆ. ಆದರೆ ಹಳ್ಳಿ ಹಳ್ಳಿಯ ಯಂತ್ರಗಳಲ್ಲಿ ಕೂತಿರುವ ಹಳೇ ಸಿ ನಾಳೆ ಬೆಳಿಗ್ಗೆ ಮಾಯವಾಗುವುದಿಲ್ಲ. ಭಾಷೆ ಬದಲಾದರೂ “ನಡೀತಿದೆಯಲ್ಲ, ಬಿಡಿ” ಎನ್ನುವ ನಾಲಿಗೆ ಬದಲಾಗದಿದ್ದರೆ ಅಲ್ಲೂ ಬೇರೊಂದು ಅಂಚು ಹುಟ್ಟುತ್ತದೆ, ಅಲ್ಲೂ ಯಾರೋ ಒಬ್ಬ ಲಕ್ಷ್ಮಮ್ಮ ಸಿಗುತ್ತಾಳೆ.

ಚೀಟಿಯ ಕಥೆ ಏನಾಯಿತು ಅಂತೀರಾ? ಎರಡು ಪದ ಸೇರಿಸಿದೆ. ಸೇರಿಸಲು ಹಿಡಿದದ್ದು ಅರ್ಧ ನಿಮಿಷ. ಆ ಎರಡು ಪದ ಯಂತ್ರಗಳಿಗೆ ಹೋಗಲು ಲೋ ಪ್ರಯಾರಿಟಿಯ ದಯೆಯಿಂದ ಐದು ವಾರ ಹಿಡಿಯಿತು. ಆ ಐದೂ ವಾರ ಸೆಕ್ರೆಟರಿ ಪ್ರತಿ ಚೀಟಿಯ ಮೇಲೆ ಪೆನ್ನಲ್ಲಿ ಹೆಸರು ಬರೆದು, ಸಹಿ ಹಾಕಿ ಕೊಟ್ಟರಂತೆ. ಕರಾರಿಲ್ಲದ್ದಕ್ಕೆ ಆ ಮನುಷ್ಯ ತನ್ನ ಸಹಿಯನ್ನೇ ಕರಾರು ಮಾಡಿದರು. ನಮ್ಮ ಕಂಪನಿಯ ಯಾವ ಮೀಟಿಂಗಿನಲ್ಲೂ ಇದು ಚರ್ಚೆಗೆ ಬರಲಿಲ್ಲ.

ನಿಮ್ಮ ಅನುಭವಗಳೇನು? ನಿಮ್ಮ ಹೆಸರನ್ನು ಯಾವ ಯಂತ್ರ, ಯಾವ ಫಾರಂ ತಿಂದಿದೆ? ಕೆಳಗೆ ಬರೆಯಿರಿ. ಬೈಯುವವರಿಗೂ ಸ್ವಾಗತ.

ಕೊಸರು: ಈಗ ನಮ್ಮ ಪರೀಕ್ಷೆಯ ಫೈಲಿನಲ್ಲಿ ಮೊದಲ ಹೆಸರು “ಲಕ್ಷ್ಮಮ್ಮ”. ಎರಡನೆಯದು “ಗಂಗಮ್ಮ”. ಹೊಸದಾಗಿ ಸೇರಿದ ಹುಡುಗನೊಬ್ಬ ಮೊನ್ನೆ ಕೇಳಿದ, “ಸಾರ್, ಇವರು ನಿಮ್ಮ ರಿಲೇಟಿವ್ಸಾ?” ಹೌದು ಅಂದೆ.